ಅರ್ಧ ಬಾಟ್ಸೆನ್ ಕಾಣಿಕೆ, ಎಪ್ಪತ್ತು ಸಾವಿರ ಶಬ್ದ

ನಮ್ಮ ಸಾವಳಗಿಯ ಕಡೆ ಹಳೆಯ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೆ ತೆಗೆಯುತ್ತಿದ್ದರು. ತರಗತಿಯಲ್ಲಿ ಈ ಶಬ್ದ ಬಂದಾಗ ‘ಹಗೆಯೆಂದರೆ ವೈರಿಯಲ್ಲವೇ?’ ಎಂದು ಹುಡುಗರು ಕೇಳುತ್ತಾರೆ. ಎರಡೂ ಹೌದು. ಸಂಶಯ ಬಂದವರಿಗೆ ನಾನು ತೆರೆದು ತೋರಿಸುವುದು ಫರ್ಡಿನಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ಶಬ್ದಕೋಶವನ್ನು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ, 1700 ಪುಟಗಳನ್ನು ಮೀರಿದ, ಸುಮಾರು 70,000 ಶಬ್ದಗಳ ಗ್ರಂಥವದು. ಅದನ್ನು ಹೊಗಳದ ಕನ್ನಡ ಅಧ್ಯಾಪಕರಿಲ್ಲ. ಆದರೆ ಅದರ ಖರ್ಚನ್ನು ಹೊತ್ತವರು ಯಾರೆಂದು ಕೇಳುವವರು ಕಡಿಮೆ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಕಡೆಗೆ ಧಾರವಾಡ, ಹುಬ್ಬಳ್ಳಿಗಳ ಮೇಲೆ ಹಾಯ್ದು 1851ರಲ್ಲಿ ಗುಳೇದಗುಡ್ಡವನ್ನು ತಲುಪಿತು. ಮಿಷನ್ನಿಗೆ ಬೇಕಾದ ಹಣ ಊರೂರಿನ ಭಕ್ತರ ಕಾಣಿಕೆಯಿಂದ ಬರುತ್ತಿತ್ತು. ಬಾಸೆಲ್ಲಿನ ರೇಷ್ಮೆ ಪಟ್ಟಿಯ ಕಾರಖಾನೆದಾರ ಕಾರ್ಲ್ ಸಾರಸಿನ್ 1855ರಲ್ಲಿ ಒಂದು ಹೊಸ ಪದ್ಧತಿ ತಂದರು. ದೊಡ್ಡ ದಾನಿಗಳನ್ನೇ ನೆಚ್ಚದೆ, ಬಡವರಿಂದಲೂ ವಾರಕ್ಕೆ ಅರ್ಧ ಬಾಟ್ಸೆನ್, ಎಂದರೆ ಅತಿ ಸಣ್ಣ ನಾಣ್ಯವೊಂದನ್ನು, ಕೂಡಿಸುವುದು. ವಾರದ ಪಗಾರದಲ್ಲಿ ಒಂದು ಕಾಸು ತೆಗೆದಿಡುವುದರ ಕಷ್ಟ ರಬಕವಿ-ಬನಹಟ್ಟಿಯ ನೇಕಾರ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಕಾಸು ಕೊಟ್ಟವರು ಶಬ್ದಕೋಶಕ್ಕೆಂದು ಕೊಡಲಿಲ್ಲ. ಅವರಿಗೆ ಬೇಕಾಗಿದ್ದುದು ಕ್ರಿಸ್ತನ ಸುವಾರ್ತೆಯ ಪ್ರಚಾರ. ಕೇಶಿರಾಜನ ಸೂತ್ರಗಳಿಗೂ ಆತ್ಮಗಳ ಉದ್ಧಾರಕ್ಕೂ ಏನು ಸಂಬಂಧವೆಂದು ದಾನಿ ಕೇಳಿದರೆ ಮಿಷನ್ನಿನ ಹಿರಿಯರು ಏನು ಉತ್ತರಿಸಬೇಕು? ಈ ತೊಡಕು ಕಿಟ್ಟೆಲರಿಗಿಂತ ಮೊದಲೇ ಹರ್ಮನ್ ಮೋಗ್ಲಿಂಗರಿಗೆ ಎದುರಾಗಿತ್ತು. ಅವರು 1848ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರತಂದಾಗ ಖರ್ಚಿಗೆ ಒದಗಿದವರು ಕ್ಯಾಸಮೇಜರ್ ಎಂಬ ಮದ್ರಾಸ್ ಪ್ರಾಂತದ ನಿವೃತ್ತ ನ್ಯಾಯಾಧೀಶರು. ಶಿವಶರಣರ ಪುರಾಣ ಅಚ್ಚಾದದ್ದು ಪಾದ್ರಿಯ ಶ್ರಮದಿಂದ, ಇಂಗ್ಲಿಷ್ ಸರಕಾರದ ಅಧಿಕಾರಿಯೊಬ್ಬರ ದುಡ್ಡಿನಿಂದ!

1853ರಲ್ಲಿ ಧಾರವಾಡಕ್ಕೆ ಬಂದಾಗ ಕಿಟ್ಟೆಲರಿಗೆ ಇಪ್ಪತ್ತೊಂದರ ಪ್ರಾಯ. ಜನರ ನಡುವೆ ಜನರಂತೆಯೇ ಬದುಕಬೇಕೆಂಬ ಹಂಬಲ ಅವರದು. ಅದು ಮೇಲಿನವರಿಗೆ ರುಚಿಸಲಿಲ್ಲ. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿ ‘ಕಥಾಮಾಲೆ’ ರಚಿಸಿದರು. 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪರಿಷ್ಕರಿಸಿದರು. ಮತಾಂತರಗೊಂಡವರ ಎಣಿಕೆ ನೋಡಿದರೆ ಅವರು ಸೋತ ಮಿಷನರಿಯೇ.

ಇದರಿಂದ ಮಿಷನ್ ವಿದ್ಯೆಯ ವೈರಿಯಾಗಿತ್ತೆಂದು ತಿಳಿಯುವುದು ಅನ್ಯಾಯ. ಬೈಬಲ್ ತರ್ಜುಮೆಗೆ, ಬೋಧನೆಗೆ, ಶಾಲೆಗಳಿಗೆ ಒಳ್ಳೆಯ ಕೋಶ ಬೇಕಿತ್ತು. ವಿಲಿಯಂ ರೀವ್ ಎಂಬ ಲಂಡನ್ ಮಿಷನ್ನಿನ ಪಾದ್ರಿ 1832ರಲ್ಲಿಯೇ ಒಂದನ್ನು ಕೊಟ್ಟಿದ್ದರೂ ಅದು ಸಾಲದಾಗಿತ್ತು. ಸ್ವಂತ ಅಗತ್ಯವೇ ಅವರನ್ನು ಹಣ ಹೂಡುವಂತೆ ಮಾಡಿತು. ಕನ್ನಡದ ಮೇಲಣ ಶುದ್ಧ ಪ್ರೀತಿಯಿಂದಲೇ ಮಾಡಿದರೆನ್ನುವ ಮಾತು ಅರ್ಧ ಸತ್ಯ. ಆದರೆ ಕಿಟ್ಟೆಲರು ಆ ಅಗತ್ಯದ ಗೆರೆಯ ಬಳಿ ನಿಲ್ಲಲಿಲ್ಲ. ಬೈಬಲ್ ತರ್ಜುಮೆಗೆ ಹಳಗನ್ನಡದ ಪ್ರಯೋಗವೇಕೆ? ತಮಿಳು, ತೆಲುಗು, ಮಲಯಾಳ, ತುಳು ರೂಪಗಳೇಕೆ? ಒಕ್ಕಲಿಗರ ಗಾದೆಗಳೇಕೆ? ಎಲ್ಲವನ್ನೂ ಅವರು ತುಂಬಿದರು.

ತುಂಬಿದವರು ಒಬ್ಬರೇ ಅಲ್ಲ. ಮುಖಪುಟದಲ್ಲಿ ಒಂದೇ ಹೆಸರಿದೆ, ನಿಜ. ಬೆನ್ನ ಹಿಂದೆ ಓಲೆಗರಿ ಬಿಡಿಸಿಕೊಟ್ಟ ಪಂಡಿತರು, ಆಡುಮಾತು ತಿಳಿಸಿಕೊಟ್ಟ ಸಾಮಾನ್ಯ ಜನರು ಇದ್ದರು. ಇವರ ದುಡಿಮೆಗೆ ನಾವು ಇನ್ನೂ ಸರಿಯಾದ ಲೆಕ್ಕ ಬರೆದಿಲ್ಲವೆಂಬುದು ನನ್ನ ಕೊರಗು. ಅರ್ಧ ಬಾಟ್ಸೆನ್ನಿಗಾದರೂ ಒಂದು ಚರಿತ್ರೆಯಿದೆ.

ಕೋಶ ಅಚ್ಚಾಗುವ ಹೊತ್ತಿಗೆ ಕಿಟ್ಟೆಲರು ಜರ್ಮನಿಗೆ ಮರಳಿಯಾಗಿತ್ತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಪದವಿಯಿತ್ತಿತು, 1903ರಲ್ಲಿ ತೀರಿಕೊಂಡರು. ಮುಂದೆ ಮರಿಯಪ್ಪ ಭಟ್ಟರು ಕೋಶವನ್ನು ತಿದ್ದಿ ಬೆಳೆಸಿದರು. 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಎಂಟನೆಯ, ಕೊನೆಯ ಸಂಪುಟ ಹೊರಬರಲು 1995 ಆಗಬೇಕಾಯಿತು. ಅಲ್ಲಿ ದಾನಿಯ ಸ್ಥಾನದಲ್ಲಿ ಸರಕಾರ ನಿಂತಿತ್ತು.

ಊರಿಗೆ ಹೋದಾಗ ನಮ್ಮ ಹಗೆಯ ಬಾಯಿ ಎಲ್ಲಿತ್ತೆಂದು ಹುಡುಕಿದೆ. ಅದನ್ನು ಮುಚ್ಚಿ ಮೇಲೆ ಫರಸಿ ಹಾಸಿದ್ದಾರೆ. ಅಣ್ಣನ ಮಗ ಅಲ್ಲಿಯೇ ಮೋಟಾರ್ ಸೈಕಲ್ ನಿಲ್ಲಿಸುತ್ತಾನೆ.