ಡೀಸೆಲ್ ಜೆಟ್‌ನಲ್ಲಿ ಮಸಿ ಹುಟ್ಟುವ ಗಡಿ: ಲೇಸರ್ ಚಿತ್ರಗಳ ಮರುಪರಿಶೀಲನೆ

ಡೀಸೆಲ್ ದಹನದ ಕುರಿತ ಇಂದಿನ ತಿಳಿವಳಿಕೆಗೆ ತಳಪಾಯ ಹಾಕಿದ್ದು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಜಾನ್ ಡೆಕ್ 1997ರಲ್ಲಿ ಮಂಡಿಸಿದ ಪರಿಕಲ್ಪನಾ ಮಾದರಿ. ಅದಕ್ಕೂ ಮೊದಲು, ನಡುವೆ ದ್ರವ ಇಂಧನದ ತಿರುಳು, ಸುತ್ತ ವಿಸರಣ ಜ್ವಾಲೆ, ಆ ಜ್ವಾಲೆಯ ಒಳಮಗ್ಗುಲಲ್ಲಷ್ಟೇ ಮಸಿ ಎಂಬ ಚಿತ್ರ ಚಾಲ್ತಿಯಲ್ಲಿತ್ತು. ಗಾಜಿನ ಕಿಟಕಿಗಳಿದ್ದ ಎಂಜಿನ್‌ನೊಳಗೆ ಲೇಸರ್ ಬೆಳಕನ್ನು ತೆಳು ಹಾಳೆಯಂತೆ ಹಾಯಿಸಿದಾಗ ಕಂಡದ್ದೇ ಬೇರೆ. ದ್ರವ ಇಂಧನ ನಳಿಕೆಯಿಂದ ಸುಮಾರು 25 ಮಿ.ಮೀ.ನೊಳಗೇ ಆವಿಯಾಗಿತ್ತು. ಅದರಾಚೆ ಇಂಧನ ಹೆಚ್ಚಿರುವ ಪೂರ್ವಮಿಶ್ರಿತ ಜ್ವಾಲೆಯಿತ್ತು, ಮಸಿ ಜೆಟ್‌ನ ಅಡ್ಡಛೇದವನ್ನೆಲ್ಲ ತುಂಬಿಕೊಂಡಿತ್ತು. ವಿಸರಣ ಜ್ವಾಲೆ ಅಂಚಿನ ತೆಳು ಪೊರೆಯಷ್ಟೇ ಆಗಿತ್ತು.

ಈ ಮುಖ್ಯ ಅಂಶಗಳ ಬಗ್ಗೆ ಈಗ ಭಿನ್ನಾಭಿಪ್ರಾಯವಿಲ್ಲ. ದ್ರವ ಎಲ್ಲಿಯವರೆಗೆ ತಲುಪುತ್ತದೆ ಎಂಬುದನ್ನು ಸೀಬರ್ಸ್ 1998ರಲ್ಲಿ ವಿವರವಾಗಿ ಅಳೆದರು. ಕಡಿಮೆ ತಾಪದ ದಹನಕ್ಕೆ ಹೊಂದುವಂತೆ ಮಾದರಿಯನ್ನು ಮಸ್ಕ್ಯುಲಸ್, ಮೈಲ್ಸ್ ಮತ್ತು ಪಿಕೆಟ್ 2013ರಲ್ಲಿ ವಿಸ್ತರಿಸಿದರು. ನನ್ನ ತಕರಾರಿರುವುದು ಒಂದೇ ಅಂಶದ ಬಗ್ಗೆ. ಮಾದರಿಯ ರೇಖಾಚಿತ್ರವನ್ನು ಬಳಸುವವರು ಮಸಿ ಶುರುವಾಗುವ ಜಾಗವನ್ನು ಖಚಿತವಾದ ಗೆರೆಯೆಂದು ಓದುತ್ತಾರೆ. ಆ ಗೆರೆಗೆ ಆಧಾರವಾದ ವಿಧಾನ ಅಷ್ಟು ಖಚಿತತೆಯನ್ನು ಕೊಡಬಲ್ಲದೇ?

ಲೇಸರ್ ಪ್ರೇರಿತ ಪ್ರಜ್ವಲನ, ಅಂದರೆ ಎಲ್‌ಐಐ, ಕೆಲಸ ಮಾಡುವ ಬಗೆ ಸರಳ. ಕೆಲವೇ ನ್ಯಾನೊಸೆಕೆಂಡ್‌ಗಳ ಲೇಸರ್ ಮಿಡಿತ ಮಸಿಯ ಕಣವನ್ನು ಸುಮಾರು 4000 ಕೆಲ್ವಿನ್‌ವರೆಗೆ ಕಾಯಿಸುತ್ತದೆ. 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಶೋಧಕದ ಮೂಲಕ ನೋಡಿದರೆ, ಹಾಗೆ ಕಾದ ಕಣ 2300 ಕೆಲ್ವಿನ್‌ನ ಮಾಮೂಲು ಜ್ವಾಲೆಯ ಮಸಿಗಿಂತ ನೂರಾರು ಪಟ್ಟು ಪ್ರಖರವಾಗಿರುತ್ತದೆ. ಬೆಳಕಿನ ಪ್ರಮಾಣ ಹೆಚ್ಚುಕಡಿಮೆ ವ್ಯಾಸದ ಘನಕ್ಕೆ ಅನುಗುಣ. ಹಾಗಾಗಿ 20 ನ್ಯಾನೊಮೀಟರ್‌ನ ಒಂದು ಕಣ 5 ನ್ಯಾನೊಮೀಟರ್‌ನ 64 ಕಣಗಳಷ್ಟು ಬೆಳಗುತ್ತದೆ. ಹೊಸದಾಗಿ ಹುಟ್ಟಿದ ಮಸಿ ಚಿತ್ರದಲ್ಲಿ ಮಂಕಾಗಿ ಕಾಣುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಎಳೆಯ ಮಸಿ ಪೂರ್ತಿ ಇಂಗಾಲವಾಗಿರುವುದಿಲ್ಲ, ಅದರಲ್ಲಿ ಹೈಡ್ರೋಜನ್ ಇನ್ನೂ ಉಳಿದಿರುತ್ತದೆ. ಬಲಿತ ಮಸಿ ಹೀರಿಕೊಳ್ಳುವಷ್ಟು ಅವಕೆಂಪು ಬೆಳಕನ್ನು ಅದು ಹೀರಿಕೊಳ್ಳುವುದಿಲ್ಲ. 1064 ನ್ಯಾನೊಮೀಟರ್ ಲೇಸರ್‌ಗೆ ಅದು ಸಾಕಷ್ಟು ಕಾಯದೆ ಉಳಿದುಬಿಟ್ಟರೆ, ಗಡಿ ನಿಜವಾದ ಜಾಗಕ್ಕಿಂತ ಕೆಳಹರಿವಿಗೆ ಜಾರಿದಂತೆ ಕಾಣುತ್ತದೆ. 532 ನ್ಯಾನೊಮೀಟರ್ ಹಸಿರು ಲೇಸರ್ ಬಳಸಿದರೆ ತಪ್ಪು ಎದುರು ದಿಕ್ಕಿನದು. ಮಸಿಯ ಪೂರ್ವಗಾಮಿಗಳಾದ ದೊಡ್ಡ ಬಹುವಲಯ ಆರೊಮ್ಯಾಟಿಕ್ ಅಣುಗಳು ಆ ಬೆಳಕಿಗೆ ಪ್ರತಿದೀಪ್ತಿ ಸೂಸುತ್ತವೆ. ಅವು ಮಸಿಯ ವೇಷದಲ್ಲಿ ಚಿತ್ರಕ್ಕೆ ನುಗ್ಗಿ ಗಡಿಯನ್ನು ನಳಿಕೆಯ ಕಡೆಗೆ ಎಳೆಯುತ್ತವೆ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಪರಿಹಾರ ಕ್ಯಾಮೆರಾದ ಗೇಟನ್ನು ತುಸು ತಡವಾಗಿ ತೆರೆಯುವುದು. ಪ್ರತಿದೀಪ್ತಿ ಬೇಗ ಆರುತ್ತದೆ, ಪ್ರಜ್ವಲನ ಉಳಿಯುತ್ತದೆ ಎಂಬುದು ಅದರ ಹಿಂದಿನ ತರ್ಕ. ವಾತಾವರಣದ ಒತ್ತಡದಲ್ಲಿ ಪ್ರಜ್ವಲನ ನೂರಾರು ನ್ಯಾನೊಸೆಕೆಂಡ್ ಉಳಿಯುವುದರಿಂದ ಅಲ್ಲಿ ಈ ಉಪಾಯ ಫಲಿಸುತ್ತದೆ. ಡೀಸೆಲ್ ಸಿಲಿಂಡರ್‌ನ ಒತ್ತಡ ಅದರ ಹತ್ತಾರು ಪಟ್ಟು. ಅಲ್ಲಿನ ದಟ್ಟ ಅನಿಲ ಕಣದ ಶಾಖವನ್ನು ಬೇಗ ಕಸಿದುಕೊಳ್ಳುತ್ತದೆ, ಚಿಕ್ಕ ಕಣ ಎಲ್ಲಕ್ಕಿಂತ ಮೊದಲು ತಣ್ಣಗಾಗುತ್ತದೆ. ಗೇಟನ್ನು ತಡಮಾಡಿದಷ್ಟೂ ನಾವು ಹುಡುಕುತ್ತಿರುವ ಎಳೆಯ ಮಸಿಯನ್ನೇ ಕಳೆದುಕೊಳ್ಳುತ್ತೇವೆ.

ಆದ್ದರಿಂದ ನನ್ನ ವಾದವಿಷ್ಟು: ಮಸಿಯ ಆರಂಭವನ್ನು ಗೆರೆಯಾಗಿ ಅಲ್ಲ, ಪಟ್ಟಿಯಾಗಿ ಎಳೆಯಬೇಕು. ಹಸಿರು ಲೇಸರ್‌ನ, ತಡಮಾಡದ ಚಿತ್ರ ಅದರ ಮೇಲ್ಹರಿವಿನ ಅಂಚು, ಅವಕೆಂಪಿನ ಚಿತ್ರ ಕೆಳಹರಿವಿನ ಅಂಚು. ನಿಜವಾದ ಗಡಿ ಇವೆರಡರ ನಡುವೆ ಎಲ್ಲೋ ಇರುತ್ತದೆ.

ಈ ಮಾತಿಗೆ ಮಿತಿಗಳಿವೆ. ಲೇಸರ್ ಶಕ್ತಿಯನ್ನು ಹೆಚ್ಚಿಸಿದರೆ ಎಳೆಯ ಮಸಿಯೂ ಸಾಕಷ್ಟು ಕಾಯಬಹುದು, ಆಗ ಪಟ್ಟಿ ಕಿರಿದಾಗುತ್ತದೆ. ಆದರೆ ಹಾಗೆ ಮಾಡಿದಾಗ ಬಲಿತ ಕಣಗಳು ಉತ್ಪತನಗೊಂಡು ಸವೆಯುತ್ತವೆ, ಪ್ರಮಾಣದ ಲೆಕ್ಕ ಕೆಡುತ್ತದೆ. ಹೆಚ್ಚಿನ ಒತ್ತಡದಲ್ಲಿ ಅನಿಲ ಅಣುಗಳ ಮುಕ್ತಪಥ ಕಣದ ಗಾತ್ರಕ್ಕೇ ಹತ್ತಿರವಾಗುವುದರಿಂದ, ತಣಿಯುವ ವೇಗ ಒತ್ತಡದ ನೇರ ಅನುಪಾತದಲ್ಲಿ ಏರುವುದಿಲ್ಲ. ಹಾಗಾಗಿ ಗೇಟಿನ ನಷ್ಟ ಸರಳ ಲೆಕ್ಕ ತೋರಿಸುವುದಕ್ಕಿಂತ ಕಡಿಮೆಯಿರಬಹುದು. ಜೆಟ್‌ನ ಒಳಗಿನಿಂದ ಬರುವ ಬೆಳಕನ್ನು ನಡುವಿನ ಮಸಿ ನುಂಗುವ ತೊಡಕೂ ಇದೆ. ಮಸಿ ಇನ್ನೂ ದಟ್ಟವಾಗದ ಆರಂಭದ ಭಾಗದಲ್ಲಿ ಅದರ ಪ್ರಭಾವ ಕಡಿಮೆ ಎಂದು ಭಾವಿಸಿದ್ದೇನೆ. ಡೆಕ್ ಅವರ ಮೂಲ ನಿರ್ಣಯಕ್ಕೆ, ಅಂದರೆ ಮಸಿ ಪೂರ್ವಮಿಶ್ರಿತ ಜ್ವಾಲೆಯ ಕೆಳಗೆ ಹುಟ್ಟಿ ಅಡ್ಡಛೇದವನ್ನೆಲ್ಲ ತುಂಬುತ್ತದೆ ಎಂಬುದಕ್ಕೆ, ಇದರಿಂದ ಧಕ್ಕೆಯಿಲ್ಲ.

ಪಟ್ಟಿಯ ಅಗಲ ಎಷ್ಟೆಂಬುದು ಇನ್ನೂ ತೀರ್ಮಾನವಾಗಬೇಕಾದ ಪ್ರಶ್ನೆ. ಎಂಜಿನ್ ಕಂಬಶ್ಚನ್ ನೆಟ್‌ವರ್ಕ್‌ನ ‘ಸ್ಪ್ರೇ ಎ’ ಇದಕ್ಕೆ ಒಳ್ಳೆಯ ವೇದಿಕೆ: ಎನ್-ಡೋಡೆಕೇನ್ ಇಂಧನ, 900 ಕೆಲ್ವಿನ್ ತಾಪ, ಘನ ಮೀಟರಿಗೆ 22.8 ಕಿ.ಗ್ರಾಂ ಅನಿಲ ಸಾಂದ್ರತೆ ಎಂದು ಅಲ್ಲಿ ಎಲ್ಲರಿಗೂ ಒಂದೇ ಸ್ಥಿತಿ ಗೊತ್ತುಪಡಿಸಲಾಗಿದೆ. ಅದೇ ಜೆಟ್‌ನ ಮೇಲೆ ಎರಡೂ ತರಂಗಾಂತರಗಳನ್ನು ಬೆನ್ನುಬೆನ್ನಿಗೆ ಹಾಯಿಸಿ ಹೋಲಿಸಬೇಕು. ಅಲ್ಲಿಯವರೆಗೆ, ಎಲ್‌ಐಐ ಚಿತ್ರ ಪ್ರಕಟಿಸುವವರು ತರಂಗಾಂತರ, ಲೇಸರ್ ಶಕ್ತಿ, ಗೇಟಿನ ವಿಳಂಬ ಈ ಮೂರನ್ನೂ ಚಿತ್ರದ ಅಡಿಬರಹದಲ್ಲೇ ನಮೂದಿಸಬೇಕೆಂಬುದು ನನ್ನ ವಿನಂತಿ.