ಬಿಳಿಪಟ್ಟಿಯೇ ಸ್ಪ್ಯಾಮ್‌ಗೆ ಬಾಗಿಲು ತೆರೆದಾಗ

ಲಾಟರಿ ಹೊಡೆದಿದೆ ಎನ್ನುವ ಇಮೇಲ್ ಸ್ಪ್ಯಾಮ್ ಫಿಲ್ಟರನ್ನು ದಾಟಿ ನೇರವಾಗಿ ಇನ್‌ಬಾಕ್ಸಿಗೇ ಬಂದರೆ ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಕೆಲಸ ಮಾಡಿರುತ್ತದೆ, ಆದರೆ ತಪ್ಪು ಸಾಕ್ಷಿಯ ಮಾತು ಕೇಳಿರುತ್ತದೆ.

ಆ ಸಾಕ್ಷಿಯೇ ಡಿಎನ್‌ಎಸ್ ವೈಟ್‌ಲಿಸ್ಟ್, ಅಂದರೆ ನಂಬಬಹುದಾದ ಮೇಲ್ ಸರ್ವರ್‌ಗಳ ಬಿಳಿಪಟ್ಟಿ. ಸ್ವಂತ ಮೇಲ್ ಸರ್ವರ್ ನಡೆಸುವವರಲ್ಲಿ ಅನೇಕರು ಬಳಸುವ ಸ್ಪ್ಯಾಮ್‌ಅಸ್ಸಾಸಿನ್ ತಂತ್ರಾಂಶ ಪ್ರತಿ ಇಮೇಲ್‌ಗೂ ಅಂಕ ಕೊಡುತ್ತದೆ. ಮೊತ್ತ 5 ತಲುಪಿದರೆ ಅದು ಸ್ಪ್ಯಾಮ್. ಡಿಎನ್‌ಎಸ್‌ಡಬ್ಲ್ಯುಎಲ್ ಎಂಬ ಬಿಳಿಪಟ್ಟಿ ಸರ್ವರ್‌ಗಳ ನಂಬಿಕೆಯನ್ನು 0ಯಿಂದ 3ರವರೆಗೆ ಅಳೆಯುತ್ತದೆ. ಕಳುಹಿಸಿದ ಸರ್ವರ್‌ನ ಐಪಿ ವಿಳಾಸವನ್ನು ಹಿಂದುಮುಂದಾಗಿ ಬರೆದು ಕೇಳಿದರೆ, 127ರಿಂದ ಶುರುವಾಗುವ ಸಂಖ್ಯೆಯೊಂದು ಉತ್ತರವಾಗಿ ಬರುತ್ತದೆ. ಅದರ ಕೊನೆಯ ಅಂಕಿಯೇ ನಂಬಿಕೆಯ ಮಟ್ಟ. ಅದು 3 ಆಗಿದ್ದರೆ ಇಮೇಲಿನ ಮೊತ್ತದಿಂದ 5 ಅಂಕ ಕಡಿತ!

ತಾವೇ ನಿಯಮ ಬರೆದುಕೊಂಡವರು ಎಡವುವುದು ಇಲ್ಲೇ. '127 ಎಂದು ಉತ್ತರ ಬಂದರೆ ಸಾಕು, ಒಳಗೆ ಬಿಡು' ಎಂದು ಬರೆದಿರುತ್ತಾರೆ. ಆದರೆ 127.0.0.255 ಎಂಬ ಉತ್ತರ ಶಿಫಾರಸಲ್ಲ, 'ನಿಮ್ಮ ಪ್ರಶ್ನೆಗಳನ್ನು ತಡೆಹಿಡಿದಿದ್ದೇವೆ' ಎಂಬ ಸೂಚನೆ. ದಿನಕ್ಕೆ 1,00,000 ಪ್ರಶ್ನೆಗಳವರೆಗೆ ಮಾತ್ರ ಈ ಸೇವೆ ಉಚಿತ. ನಮ್ಮದು ದಿನಕ್ಕೆ ನೂರು ಇಮೇಲ್ ಬರುವ ಪುಟ್ಟ ಕಚೇರಿಯಾದರೂ, ಗೂಗಲ್‌ನ 8.8.8.8ರಂತಹ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಊರಿನವರೆಲ್ಲರ ಲೆಕ್ಕದಲ್ಲಿ ನಮ್ಮದೂ ಸೇರಿಹೋಗುತ್ತದೆ. ಅನ್‌ಬೌಂಡ್‌ನಂತಹ ಸ್ವಂತ ಡಿಎನ್‌ಎಸ್ ರಿಸಾಲ್ವರ್ ಇಟ್ಟುಕೊಳ್ಳುವುದೇ ಪರಿಹಾರ. ಅದು ಪ್ರಶ್ನೆಗಳನ್ನು ಮತ್ತೆ 8.8.8.8ಕ್ಕೇ ದಾಟಿಸುವಂತಿದ್ದರೆ ಏನೂ ಪ್ರಯೋಜನವಿಲ್ಲ.

ದೋಷ ಹುಡುಕುವುದು ಕಷ್ಟವೇನಲ್ಲ. ಒಳನುಗ್ಗಿದ ಇಮೇಲಿನ ಹೆಡರ್ ತೆರೆದು, ಯಾವ ನಿಯಮ ಅಂಕ ಕಳೆದಿದೆ ಎಂದು ನೋಡಿ. ಆಮೇಲೆ ಪಟ್ಟಿಯಲ್ಲಿ 127.0.0.1 ಇದೆಯೇ ಎಂದು ಕೇಳಿ. 2010ರ ಆರ್‌ಎಫ್‌ಸಿ 5782ರ ಪ್ರಕಾರ ಈ ವಿಳಾಸ ಯಾವ ಪಟ್ಟಿಯಲ್ಲೂ ಇರಕೂಡದು. ಹಾಗಾಗಿ 'ಇದೆ' ಎಂಬ ಉತ್ತರ ಬಂದರೆ ಅಂತಹ ಉತ್ತರಗಳನ್ನು ನಂಬುವಂತಿಲ್ಲ.

ಇಮೇಲ್ ಬೇರೊಂದು ಸರ್ವರ್ ಮೂಲಕ ಫಾರ್ವರ್ಡ್ ಆಗಿ ಬರುತ್ತಿದ್ದರೆ ಇನ್ನೊಂದು ತೊಡಕಿದೆ. ಆ ಸರ್ವರ್ ನಮ್ಮದೇ ಎಂದು ಫಿಲ್ಟರ್‌ಗೆ ತಿಳಿಸದಿದ್ದರೆ ಅದು ವಿಚಾರಿಸುವುದು ಸ್ಪ್ಯಾಮ್ ಕಳಿಸಿದವರನ್ನಲ್ಲ, ತಲುಪಿಸಿದ ಅಂಚೆಯವನನ್ನು! ಅಂಚೆಯವನು ಒಳ್ಳೆಯವನೇ ಇರುತ್ತಾನೆ, ಕಾಗದ ಒಳಗೆ ಬರುತ್ತದೆ. ಟ್ರಸ್ಟೆಡ್ ನೆಟ್‌ವರ್ಕ್ಸ್ ಎಂಬ ಆಯ್ಕೆಯಲ್ಲಿ ಆ ಸರ್ವರ್‌ನ ವಿಳಾಸ ಸೇರಿಸಿದರೆ ಇದು ಸರಿಹೋಗುತ್ತದೆ.

ಇಷ್ಟಾದರೂ, ನಂಬಿಕಸ್ಥ ಸರ್ವರ್‌ನಲ್ಲಿರುವ ಯಾರದೋ ಪಾಸ್‌ವರ್ಡ್ ಕದ್ದವರು ಅಲ್ಲಿಂದಲೇ ಸ್ಪ್ಯಾಮ್ ಕಳಿಸಬಹುದು. ಹೀಗಾಗಿ 5 ಅಂಕ ಕಡಿತ ನನಗಂತೂ ಜಾಸ್ತಿ ಅನಿಸುತ್ತದೆ. ಅದನ್ನು 1 ಅಥವಾ 2ಕ್ಕೆ ಇಳಿಸಿಕೊಳ್ಳುವುದು ವಾಸಿ.