ಟೋಲ್ ಬೂತಿನ ಕ್ಯೂನಲ್ಲಿ ಹುಟ್ಟಿದ ಪಿತ್ರಾರ್ಜಿತ

ಜಾವಾದಲ್ಲಿ 'ಎಕ್ಸ್‌ಟೆಂಡ್ಸ್' ಅಂತ ಟೈಪ್ ಮಾಡೋಕೆ ಎರಡು ಸೆಕೆಂಡು ಸಾಕು. ಅಪ್ಪನ ಕ್ಲಾಸಿನ ಮೆಥಡ್‌ಗಳು ಮಗನ ಕ್ಲಾಸಿಗೆ ಪುಕ್ಕಟೆ ಬಂದುಬಿಡುತ್ತವೆ. ಈ ಪಿತ್ರಾರ್ಜಿತದ ವ್ಯವಹಾರ ಶುರುವಾಗಿದ್ದು ಸಿಲಿಕಾನ್ ವ್ಯಾಲಿಯಲ್ಲಲ್ಲ, ನಾರ್ವೆಯ ಆಸ್ಲೋದಲ್ಲಿ.

ಅಲ್ಲಿನ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಕ್ರಿಸ್ಟನ್ ನ್ಯೂಗಾರ್ಡ್ ಮತ್ತು ಊಲ್-ಯೋಹಾನ್ ಡಾಲ್ ಸಿಮ್ಯುಲೇಶನ್‌ಗೆಂದೇ 'ಸಿಮ್ಯುಲಾ' ಭಾಷೆ ಕಟ್ಟುತ್ತಿದ್ದರು. ಅವರ ಮುಂದಿದ್ದ ಒಂದು ಉದಾಹರಣೆ: ಸೇತುವೆ, ಟೋಲ್ ಬೂತು, ಮುಂದೆ ಕ್ಯೂ ನಿಂತ ಲಾರಿ, ಬಸ್ಸು, ಕಾರುಗಳು. ಲಾರಿಯ ವಿವರವೇ ಬೇರೆ, ಬಸ್ಸಿನದೇ ಬೇರೆ. ಆದರೆ ಸಾಲಿಗೆ ಸೇರೋದು, ಮುಂದೆ-ಹಿಂದೆ ಯಾರಿದ್ದಾರೆ ಅಂತ ನೆನಪಿಟ್ಟುಕೊಳ್ಳೋದು, ಸಾಲು ಬಿಡೋದು ಎಲ್ಲಕ್ಕೂ ಒಂದೇ. ಅದೇ ಕೋಡನ್ನು ಮೂರು ಸಲ ಬರೆದರೆ, ಒಂದು ಕಡೆ ಸರಿಮಾಡಿದ ತಪ್ಪು ಇನ್ನೆರಡು ಕಡೆ ಉಳಿದೇಬಿಡುತ್ತದೆ.

1966ರಲ್ಲಿ ಟೋನಿ ಹೋರ್ ರೆಕಾರ್ಡ್ ಕ್ಲಾಸು, ಸಬ್‌ಕ್ಲಾಸುಗಳ ವಿಚಾರ ಮಂಡಿಸಿದ್ದರು. ಅದು ಡೇಟಾಗೆ ಸೀಮಿತ. ಆಸ್ಲೋದವರಿಗೆ ಕೆಲಸದ ವಿಧಾನವೂ ಹಂಚಿಕೆಯಾಗಬೇಕಿತ್ತು. ಆ ವರ್ಷದ ಕೊನೆಗೆ ದಾರಿ ಹೊಳೆಯಿತು: ಒಂದೇ ಆಬ್ಜೆಕ್ಟಿಗೆ ಎರಡು ಪದರ. ಮೊದಲನೆಯದು ಕ್ಯೂಗೆ ಬೇಕಾದ್ದು, ಎರಡನೆಯದು ಲಾರಿಯದೋ ಬಸ್ಸಿನದೋ ಸ್ವಂತದ್ದು. ಅಪ್ಪನ ಕ್ಲಾಸಿನ ಹೆಸರನ್ನು ಮಗನ ಹೆಸರಿನ ಹಿಂದೆ ಇನಿಶಿಯಲ್ ಥರ ಬರೆಯುತ್ತಿದ್ದರಿಂದ ಅವರು ಅದನ್ನು ಕರೆದಿದ್ದು 'ಪ್ರಿಫಿಕ್ಸ್' ಅಂತ. 1967ರ ಮೇ ತಿಂಗಳಲ್ಲಿ ಆಸ್ಲೋ ಹತ್ತಿರದ ಲೀಸೆಬುವಿನಲ್ಲಿ ಇದನ್ನು ಮಂಡಿಸಿದರು.

ಸಿಮ್ಯುಲಾ 67ರಲ್ಲಿ 'ವರ್ಚುಯಲ್' ಕೂಡ ಇತ್ತು. ಅಂದರೆ, ಅಪ್ಪನ ಕೋಡು ಒಂದು ಮೆಥಡ್ ಕರೆದಾಗ ಮಗನ ಆವೃತ್ತಿ ಓಡಬಹುದು. ಶಕ್ತಿ ಇರೋದು ಅಲ್ಲೇ, ತಲೆನೋವು ಇರೋದೂ ಅಲ್ಲೇ. ಅಪ್ಪನ ಮನೆಯಲ್ಲಿ ಒಂದು ಗೋಡೆ ಒಡೆದರೆ ಮಗನ ಮನೆಯ ಸೂರು ಬೀಳಬಹುದು. ಒಳಗೆ ಯಾವುದು ಯಾವುದನ್ನು ಕರೆಯುತ್ತೆ ಅಂತ ಇಬ್ಬರಿಗೂ ಗೊತ್ತಿರಬೇಕು.

ಅಲನ್ ಕೇ ಇದನ್ನು ಹುಷಾರಾಗಿಯೇ ನೋಡಿದರು. ಅವರ ಸ್ಮಾಲ್‌ಟಾಕ್-72ರಲ್ಲಿ ಇನ್ಹೆರಿಟೆನ್ಸ್ ಇರಲಿಲ್ಲ, ಬಂದದ್ದು ಸ್ಮಾಲ್‌ಟಾಕ್-76ರಲ್ಲಿ. ಕೇಂಬ್ರಿಜ್‌ನಲ್ಲಿ ಸಿಮ್ಯುಲಾ ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದರ ಕ್ಲಾಸುಗಳನ್ನು ಸಿ ಭಾಷೆಗೆ ತರಲು ಹೊರಟರು. ಅದು ಸಿ++ ಆಯಿತು. ಮುಂದೆ ಜಾವಾ ಅದನ್ನು ಆಫೀಸು ಆಫೀಸಿಗೂ ಮುಟ್ಟಿಸಿತು.

ಅಷ್ಟರಲ್ಲೇ ಎಚ್ಚರಿಕೆಯೂ ಬಂದಿತ್ತು. 1994ರ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ಕ್ಲಾಸ್ ಇನ್ಹೆರಿಟೆನ್ಸ್‌ಗಿಂತ ಆಬ್ಜೆಕ್ಟುಗಳ ಜೋಡಣೆಗೇ ಮೊದಲ ಮಣೆ ಹಾಕಿತು. 2009ರಲ್ಲಿ ಹೊರಬಂದ ಗೋ ಭಾಷೆಯಂತೂ ಕ್ಲಾಸ್ ಇನ್ಹೆರಿಟೆನ್ಸನ್ನೇ ಕೈಬಿಟ್ಟಿತು.

ಡಾಲ್, ನ್ಯೂಗಾರ್ಡ್ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. 2002ರಲ್ಲಿ, ಎರಡು ತಿಂಗಳೊಳಗೆ, ಇಬ್ಬರೂ ತೀರಿಕೊಂಡರು. ಅವರ ಟೋಲ್ ಬೂತಿನಲ್ಲಿ ಲಾರಿಯೂ ಬಸ್ಸೂ ನಿಜವಾಗಿ ಒಂದೇ ಸಾಲಲ್ಲಿ ನಿಂತಿದ್ದವು, ಹಂಚಿಕೆಗೆ ಅರ್ಥವಿತ್ತು. ನಾಲ್ಕು ಸಾಲು ಟೈಪಿಂಗ್ ಉಳಿಸೋಕೆ ಸಂಬಂಧವೇ ಇಲ್ಲದ ಕ್ಲಾಸನ್ನು ಅಪ್ಪ ಅನ್ನೋದು ಬೇರೆ ಮಾತು. ಅಪ್ಪ ನೆಟ್ಟ ಆಲದ ಮರ ನೆರಳಿಗೆ ಒಳ್ಳೆಯದೇ. ಅಪ್ಪ ನೆಟ್ಟಿದ್ದು ಅಂತ ಅದಕ್ಕೇ ನೇಣು ಹಾಕಿಕೊಳ್ಳೋ ಅಗತ್ಯವಿಲ್ಲ.